ಖಿನ್ನತೆಗೆ ಆಕ್ಯುಪಂಕ್ಚರ್: ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ

ಖಿನ್ನತೆ ಎಂದು ಬಂದವರ ಕೈಗೆ ನಾನು ಮೊದಲು ಕೊಡುವುದು ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಹಾಳೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ; ಅಂಕ ಏರಿದಷ್ಟೂ ಖಿನ್ನತೆ ಹೆಚ್ಚು. ಕೊನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಅವತ್ತು ಸೂಜಿ ಮುಟ್ಟುವುದಿಲ್ಲ. ಕೂತು ಕೇಳುತ್ತೇನೆ, ಜೊತೆಗೆ ಬಂದವರನ್ನು ಒಳಗೆ ಕರೆದು ಮನೋವೈದ್ಯರಲ್ಲಿಗೆ ಕಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಡುತ್ತೇನೆ. ಒಟ್ಟು 20 ಮುಟ್ಟಿದ್ದರೂ ಮೊದಲು ಮನೋವೈದ್ಯರೇ. ಥೈರಾಯ್ಡ್, ಬಿ12 ನೋಡಿಸಿದ್ದಾರಾ, ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನ್ನುವಷ್ಟು ಅತಿ ಉತ್ಸಾಹ ಬಂದಿತ್ತಾ ಎಂದೂ ವಿಚಾರಿಸುತ್ತೇನೆ.

ಚೀನೀ ವೈದ್ಯದಲ್ಲಿ ಖಿನ್ನತೆಗೆ ಹಲವು ಬಗೆ. ನಿಟ್ಟುಸಿರು, ಪಕ್ಕೆ ಬಿಗಿತ, ಸಿಡುಕು, ತಂತಿಯ ಹಾಗೆ ಬಿಗಿದ ನಾಡಿ ಇದ್ದರೆ ಯಕೃತ್ತಿನ 'ಚಿ' (ಜೀವಶಕ್ತಿ) ಕಟ್ಟಿಕೊಂಡಿದೆ ಎನ್ನುತ್ತಾರೆ. ಹಸಿವಿಲ್ಲ, ನಿದ್ದೆಯಿಲ್ಲ, ನಾಲಿಗೆ ಬಿಳಚಿಕೊಂಡಿದೆ ಎಂದರೆ ಹೃದಯ ಮತ್ತು ಗುಲ್ಮ ಸೊರಗಿವೆ ಎಂದು ಲೆಕ್ಕ. ಎರಡಕ್ಕೂ ಬೈಹುಯಿ, ಯಿನ್‌ಟಾಂಗ್, ನೈಗುವಾನ್ ಬಿಂದುಗಳು ಬೇಕು. ಮೊದಲನೆಯದಕ್ಕೆ ತಾಯ್‌ಚೋಂಗ್, ಹೆಗು ಸೇರಿಸುತ್ತೇನೆ. ಎರಡನೆಯದಕ್ಕೆ ಷೆನ್‌ಮೆನ್, ಜುಸಾನ್‌ಲಿ, ಸಾನ್‌ಯಿನ್‌ಜಿಯಾವ್. ಗರ್ಭಿಣಿಯರಿಗೆ ಹೆಗು, ಸಾನ್‌ಯಿನ್‌ಜಿಯಾವ್ ಬೇಡ.

ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಆಗಬೇಕು: ಕೈಕಾಲಿಗೆ 0.25 ಮಿ.ಮೀ. ದಪ್ಪ, ಹಣೆಗೆ 0.20. ಬೈಹುಯಿ ಸಿಗುವುದು ಎರಡೂ ಕಿವಿಗಳ ತುದಿಯಿಂದ ಎಳೆದ ಗೆರೆ ನಡುನೆತ್ತಿಯನ್ನು ದಾಟುವಲ್ಲಿ. ಸೂಜಿಯನ್ನು ತೀರ ಓರೆಯಾಗಿ ಚರ್ಮದಡಿ ಸರಿಸಬೇಕು. ಹುಬ್ಬುಗಳ ನಡುವಿನ ಯಿನ್‌ಟಾಂಗ್‌ಗೆ ಚರ್ಮ ಚಿವುಟಿ ಹಿಡಿದು ಮೂಗಿನ ಕಡೆಗೆ ಹಾಕುತ್ತೇನೆ. ಹೆಚ್ಚು ಎಚ್ಚರ ಬೇಕಾದ್ದು ನೈಗುವಾನ್‌ನಲ್ಲಿ. ಮಣಿಕಟ್ಟಿನ ಗೆರೆಯಿಂದ ಎರಡು ಸುನ್ ಮೇಲೆ (ಒಂದು ಸುನ್ ಎಂದರೆ ರೋಗಿಯ ಹೆಬ್ಬೆರಳಿನ ಅಗಲ), ಎರಡು ಸ್ನಾಯುರಜ್ಜುಗಳ ನಡುವೆ ಅದರ ಜಾಗ. ಕೆಳಗೇ ಮೀಡಿಯನ್ ನರ. ಭಾರ, ಜೋಮು ಬಂದರೆ ಸರಿ. ನಡುಬೆರಳಿಗೆ ಕರೆಂಟ್ ಹೊಡೆದ ಹಾಗಾದರೆ ತಕ್ಷಣ ಹಿಂದೆಳೆಯಬೇಕು, ಅಲ್ಲಿ ತಿರುಗಿಸಲೇಬಾರದು.

ಸೂಜಿಗಳು 25ರಿಂದ 30 ನಿಮಿಷ ಇರುತ್ತವೆ. ಮಲಗಿಸಿಯೇ ಹಾಕುತ್ತೇನೆ, ಖಾಲಿ ಹೊಟ್ಟೆಯವರಿಗೆ ಹಾಕುವುದಿಲ್ಲ; ತಲೆಸುತ್ತು ಬರುವುದು ಹೆಚ್ಚಾಗಿ ಕೂತವರಿಗೆ, ಹಸಿದವರಿಗೆ. ಬೈಹುಯಿ-ಯಿನ್‌ಟಾಂಗ್ ನಡುವೆ 2 ಹರ್ಟ್ಸ್ ವಿದ್ಯುತ್ ಕೊಡುವುದುಂಟು. ಪೇಸ್‌ಮೇಕರ್ ಇರುವವರಿಗೆ, ಮೂರ್ಛೆರೋಗದವರಿಗೆ ಅದು ಬೇಡ. ತೆಗೆಯುವಾಗ ಎಣಿಸಿ ತೆಗೆಯಿರಿ, ಕೂದಲಲ್ಲಿ ಅಡಗಿದ ನೆತ್ತಿಯ ಸೂಜಿ ಮರೆತುಹೋಗುವುದು ಸುಲಭ. ಎಸ್‌ಎಸ್‌ಆರ್‌ಐ ಎಂಬ ಬಗೆಯ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಸ್ವಲ್ಪ ಹೆಚ್ಚು ಒಸರಬಹುದು, ಹತ್ತಿಯಿಂದ ತುಸು ಹೊತ್ತು ಒತ್ತಿಹಿಡಿಯಬೇಕು. ಹೆಗಲು ಬಿಗಿದಿದೆ, ಅಲ್ಲೂ ಹಾಕಿ ಎಂದು ಬಹಳ ಜನ ಕೇಳುತ್ತಾರೆ. ಹೆಗಲಿನ ಕೆಳಗೆ ಶ್ವಾಸಕೋಶದ ತುದಿ ಇದೆ. ಸಣಕಲು ಮೈಯವರಿಗೆ ಆಳವಾಗಿ ಚುಚ್ಚಿದರೆ ಅದಕ್ಕೇ ತೂತು ಬೀಳುತ್ತದೆ. ನಾನು ಅಲ್ಲಿ ಹಾಕುವುದಿಲ್ಲ, ಉಜ್ಜಿ ಸಡಿಲಿಸುತ್ತೇನೆ.

ಇಂಗ್ಲೆಂಡಿನಲ್ಲಿ 755 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆಯಂತೆ ಗರಿಷ್ಠ 12 ಸಲ ಸೂಜಿ ಹಾಕಿಸಿಕೊಂಡವರ ಅಂಕ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಮೂರು ತಿಂಗಳಿಗೆ ಸುಮಾರು ಎರಡೂವರೆ ಕಡಿಮೆಯಿತ್ತು. ಹುಸಿ ಸೂಜಿಯೊಂದಿಗೆ (ನಿಜವಾದ ಚಿಕಿತ್ಸೆಯ ಹಾಗೆ ತೋರುವ ನಕಲಿ ಚಿಕಿತ್ಸೆ) ಅಲ್ಲಿ ಹೋಲಿಸಿರಲಿಲ್ಲ. ಹುಸಿ ಸೂಜಿಯೊಂದಿಗೆ ಹೋಲಿಸಿದ ಕಡೆಗಳಲ್ಲಿ ವ್ಯತ್ಯಾಸ ಚಿಕ್ಕದು, ಪುರಾವೆಯೂ ದುರ್ಬಲ. ಇದನ್ನು ರೋಗಿಗೆ ಮೊದಲೇ ಹೇಳುತ್ತೇನೆ. 'ಮಾತ್ರೆ ಬಿಡಲಾ?' ಎಂದರೆ ಬೇಡವೇ ಬೇಡ ಎನ್ನುತ್ತೇನೆ. ಥಟ್ಟನೆ ಬಿಟ್ಟರೆ ತಲೆಸುತ್ತು, ತಳಮಳ, ನಿದ್ದೆಗೇಡು ಬರಬಹುದು, ಖಿನ್ನತೆಯೂ ಮರುಕಳಿಸಬಹುದು.

ಗಿಡಮೂಲಿಕೆಯನ್ನು ನಾನು ಕೊಡುವುದಿಲ್ಲ. ಹೆಸರಾಂತ ಚೀನೀ ಮೂಲಿಕೆ ಪುಡಿ ಶಿಯಾವ್ ಯಾವ್ ಸಾನ್‌ನಲ್ಲಿ ಜೇಷ್ಠಮಧು ಇದೆ, ಅದು ಹೆಚ್ಚಾದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಅದರಲ್ಲಿರುವ ದಾಂಗ್ ಗುಯಿ ಎಂಬ ಬೇರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಭಯ. ಆನ್‌ಲೈನ್‌ನಲ್ಲಿ ತರಿಸಿದ ಪುಡಿ ಇದ್ದರೆ ಡಬ್ಬಿ ಸಮೇತ ವೈದ್ಯರಿಗೆ ತೋರಿಸಲು ಹೇಳುತ್ತೇನೆ.

ಆರನೆಯ ವಾರ ಅದೇ ಹಾಳೆ ಮತ್ತೆ ತುಂಬಿಸುತ್ತೇನೆ. 5 ಅಂಕವಾದರೂ ಇಳಿದಿದ್ದರೆ 12 ವಾರದವರೆಗೆ ಮುಂದುವರಿಕೆ. ಇಳಿದಿಲ್ಲವೆಂದರೆ ಇನ್ನಷ್ಟು ಸೂಜಿಗೆ ಹಣ ಕಟ್ಟಿಸಿಕೊಳ್ಳದೆ, ಎರಡೂ ಹಾಳೆ ಲಗತ್ತಿಸಿ ಅವರ ಮನೋವೈದ್ಯರಿಗೆ ಪತ್ರ ಬರೆಯುತ್ತೇನೆ.