ಎರಡು ಅಂಕದ ದಿನಗಳು

ನನಗೆ ದುಃಖವೇನೂ ಇರಲಿಲ್ಲ, ತೊಡಕಾಗಿದ್ದೇ ಅದು. ಕೆಲಸ ಸಾಗುತ್ತಿತ್ತು, ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. "ಹೇಗಿದ್ದೀಯ?" ಅಂದವರಿಗೆ "ಹೀಗೇ, ನಡೀತಿದೆ" ಅನ್ನುತ್ತಿದ್ದೆ. ಯಾವುದಕ್ಕೂ ಮನಸ್ಸು ಏಳುತ್ತಿರಲಿಲ್ಲ. ಸುಮಾರು ಎರಡು ವರ್ಷ ಹೀಗೇ ಕಳೆಯಿತು.

ಮೊದಲು ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್ ಏರುಪೇರಾದರೂ, ಬಿ12 ಅಥವಾ ಕಬ್ಬಿಣದಂಶ ಕಡಿಮೆಯಾದರೂ ಮನುಷ್ಯ ಹೀಗೆ ಜೋಲುಬೀಳುತ್ತಾನೆ. ಅದನ್ನು ನೋಡಿಸದೆ ಮನಸ್ಸಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ವರದಿ ಸರಿಯಾಗಿಯೇ ಬಂತು. ಖಿನ್ನತೆಯೂ ಅಲ್ಲ ಅಂದರು. ಹಾಗಾದರೆ ಇದೇನು? ಸಮಾಜಶಾಸ್ತ್ರಜ್ಞ ಕೋರಿ ಕೀಸ್ 2002ರಲ್ಲಿ ಬರೆದ ಪ್ರಬಂಧದಲ್ಲಿ ಉತ್ತರ ಸಿಕ್ಕಿತು. ಮನಸ್ಸಿಗೆ ಕಾಯಿಲೆಯಿಲ್ಲ ಅಂದಮಾತ್ರಕ್ಕೆ ಅದು ಅರಳಿದೆ ಅಂತಲ್ಲ; ಕಾಯಿಲೆ ಇಲ್ಲದೆಯೂ ಸೊರಗಿರಬಹುದು ಎಂಬುದು ಅವರ ವಾದ. ಇರುವುದಕ್ಕೊಂದು ಹೆಸರು ಸಿಕ್ಕಿ ಸ್ವಲ್ಪ ಹಗುರಾಯಿತು.

ಆ ಉತ್ಸಾಹದಲ್ಲೇ ಎಡವಿದೆ. ಬೆಳಗ್ಗೆ ಐದಕ್ಕೆ ಏಳುವುದು, ವ್ಯಾಯಾಮ, ಹೊಸ ಭಾಷೆ, ಒಂದು ಗಂಟೆ ಓದು ಅಂತ ದೊಡ್ಡ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ತಪ್ಪಿತು, ಹನ್ನೊಂದನೆಯ ದಿನ ಪಟ್ಟಿಯನ್ನೇ ಕಿತ್ತು ಹಾಕಿದೆ.

ಆಮೇಲೆ ಆಪ್ತ ಸಮಾಲೋಚಕರೊಬ್ಬರು ಒಂದು ಸಾದಾ ಕೆಲಸ ಕೊಟ್ಟರು. ಗಂಟೆಗೊಮ್ಮೆ ಏನು ಮಾಡಿದೆ ಅಂತ ಬರೆಯಬೇಕು. ಪಕ್ಕದಲ್ಲಿ ಸೊನ್ನೆಯಿಂದ ಹತ್ತರೊಳಗೆ ಎರಡು ಅಂಕ. ಖುಷಿ ಎಷ್ಟು, "ಏನೋ ಮಾಡಿದೆ" ಅನ್ನುವ ತೃಪ್ತಿ ಎಷ್ಟು. ಮನಸ್ಸು ಕುಗ್ಗಿದರೆ ಕೆಲಸ ಕಡಿಮೆಯಾಗುತ್ತದೆ, ಕೆಲಸ ಕಡಿಮೆಯಾದರೆ ಖುಷಿಯ ಮೂಲಗಳೂ ಬತ್ತುತ್ತವೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಗುರುತಿಸಿದ ಸುಳಿ ಇದು. ಹುಮ್ಮಸ್ಸು ಬರಲಿ, ಆಮೇಲೆ ಮಾಡೋಣ ಅಂತ ನಾನು ಕಾದಿದ್ದೇ ಸುಳಿಯನ್ನು ಬಿಗಿ ಮಾಡಿತ್ತು.

ಪುಟ್ಟ ನೋಟ್‌ಬುಕ್ಕನ್ನು ಜೇಬಿನಲ್ಲಿಟ್ಟುಕೊಂಡು ಕದ್ದುಮುಚ್ಚಿ ಬರೆಯುತ್ತಿದ್ದೆ, ಯಾರಾದರೂ ನೋಡಿಬಿಟ್ಟಾರೆಂಬ ನಾಚಿಕೆ. ಎರಡು ವಾರದ ಪುಟ ತಿರುವಿದಾಗ ದಂಗಾದೆ. "ವಿಶ್ರಾಂತಿ" ಅಂತ ರಾತ್ರಿ ಫೋನ್ ಹಿಡಿಯುತ್ತಿದ್ದ ಒಂದೂವರೆ ಗಂಟೆಗೆ ಬಹುತೇಕ ದಿನ ಎರಡೇ ಅಂಕ. ಒಬ್ಬನೇ ನಡೆದದ್ದಕ್ಕೆ ನಾಲ್ಕು, ಜೊತೆಗಾರರಿದ್ದರೆ ಆರು. ಕಚ್ಚಿಕೊಂಡಿದ್ದ ಕಿಟಕಿಯ ಚಿಲಕ ಸರಿಮಾಡಿದ್ದಕ್ಕೆ ಏಳು! ಹೊಸ ಸಹೋದ್ಯೋಗಿಯ ಪಕ್ಕ ಕೂತು ಅವನ ಲೆಕ್ಕದ ಗೋಜಲು ಬಿಡಿಸಿದ ಮಧ್ಯಾಹ್ನಕ್ಕೆ ಎಂಟು. ನನಗೆ ಬೇಕಾದದ್ದು ಏನೆಂದು ನನಗಿಂತ ಆ ನೋಟ್‌ಬುಕ್ಕಿಗೇ ಚೆನ್ನಾಗಿ ಗೊತ್ತಿತ್ತು.

ಅದನ್ನು ನಂಬಿ ಎರಡನ್ನೇ ಆರಿಸಿಕೊಂಡೆ. ಸಂಜೆ ಮನೆಗೆ ಬಂದಾಗ ಬೂಟು ಬಿಚ್ಚುವ ಮೊದಲು ಹತ್ತು ನಿಮಿಷ ನಡಿಗೆ. "ದಿನಾ ನಡೆಯಬೇಕು" ಅನ್ನುವುದಕ್ಕಿಂತ "ಇಂಥ ಹೊತ್ತಿಗೆ, ಇದಾದ ಕೂಡಲೇ" ಅಂತ ಗಂಟುಹಾಕಿದ ಸಂಕಲ್ಪ ಗಟ್ಟಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ತೋರಿಸಿದ್ದಾರೆ. ಎರಡನೆಯದು, ಶನಿವಾರ ಗ್ರಂಥಾಲಯದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವುದು.

ಮೊದಲ ಮೂರು ವಾರ ಸಪ್ಪೆ. ಗೊಣಗುತ್ತಲೇ ನಡೆದೆ, ಮೂರು ಅಂಕ ಬರೆದೆ. ಎರಡು ಸಲ ತಪ್ಪಿಸಿದೆ ಕೂಡ. ಆದರೆ ಈ ಸಲ ಕೈಬಿಡಲಿಲ್ಲ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿದಾಗ ಅಭ್ಯಾಸ ಕೂಡಿಬರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕಾಗುವಂತೆ ಕಂಡಿತ್ತು. ಒಂದು ದಿನ ತಪ್ಪಿದರೆ ಅಂಥ ನಷ್ಟವೂ ಇರಲಿಲ್ಲ. ಹನ್ನೊಂದನೆಯ ದಿನಕ್ಕೇ ಪಟ್ಟಿ ಕಿತ್ತವನಿಗೆ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೆ?

ಐದನೆಯ ಶನಿವಾರ ಹುಡುಗಿಯೊಬ್ಬಳು ಕೇಳಿದಳು: "ಮೈನಸ್ಸನ್ನು ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕೆ ಸರ್?" ನಿಯಮ ಗೊತ್ತಿತ್ತು, ಕಾರಣ ಬಾಯಿಗೆ ಬರಲಿಲ್ಲ. ಮುಂದಿನ ವಾರ ಹೇಳ್ತೀನಿ ಅಂದೆ. ನಡೆಯುವಾಗಲೆಲ್ಲ ಅದೇ ತಲೆಯಲ್ಲಿ. ಬುಧವಾರವೇ ಶನಿವಾರಕ್ಕೆ ಕಾಯತೊಡಗಿದ್ದೆ. ಒಂದು ದಿನ ಬರಲಿ ಅಂತ ಕಾದು ಎಷ್ಟು ಕಾಲವಾಗಿತ್ತೋ!

ಮೈನಸ್ ಎರಡನ್ನು ಮೂರು, ಎರಡು, ಒಂದು, ಸೊನ್ನೆಯಿಂದ ಗುಣಿಸುತ್ತ ಬಂದೆ. ಮೈನಸ್ ಆರು, ಮೈನಸ್ ನಾಲ್ಕು, ಮೈನಸ್ ಎರಡು, ಸೊನ್ನೆ. "ಮುಂದಿನದು ಮೈನಸ್ ಒಂದರಿಂದ. ಏನು ಬರಬೇಕು?" ಅಂದೆ. ಅವಳು "ಓ" ಅಂದು ಮುಂದಿನ ಲೆಕ್ಕಕ್ಕೆ ಹೋದಳು. ನೋಟ್‌ಬುಕ್ಕಿನಲ್ಲಿ ಒಂಬತ್ತು ಬರೆದೆ. ಅದೇ ರಾತ್ರಿ ಮತ್ತೆ ಒಂದೂವರೆ ಗಂಟೆ ಫೋನು. ಎರಡು.