ಬಾಡಿದ ಹೂ ಕತ್ತರಿಸಬೇಕಾ, ಹಾಗೇ ಬಿಡಬೇಕಾ?

ಯಾರಾದರೂ ಈ ಪ್ರಶ್ನೆ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮ್ಮ ಗಿಡ ಮುಂದಿನ ಹೂ ಎಲ್ಲಿ ಬಿಡುತ್ತದೆ? ಹೊಸ ಚಿಗುರಿನಲ್ಲೋ, ಹಳೆಯ ಕಡ್ಡಿಯಲ್ಲೋ? ಅದು ಗೊತ್ತಾದರೆ ಕತ್ತರಿ ಎಲ್ಲಿಡಬೇಕು, ಯಾವಾಗ ಇಡಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

ಗಿಡ ಹೂ ಬಿಡುವುದೇ ಬೀಜ ಮಾಡಲಿಕ್ಕೆ. ದಳ ಉದುರಿ ತೊಟ್ಟಿನ ತುದಿಯಲ್ಲಿ ಕಾಯಿ ಬಲಿಯಲು ಶುರುವಾದರೆ ಗಿಡದ ಆಹಾರ ಆ ಕಡೆ ಹೋಗುತ್ತದೆ. ಕಾಯಿ ಬಲಿಯುವ ಮೊದಲೇ ತೆಗೆದುಬಿಟ್ಟರೆ ಅದೇ ಆಹಾರ ಚಿಗುರಿಗೆ, ಬೇರಿಗೆ, ಇನ್ನೊಂದು ಸುತ್ತಿನ ಮೊಗ್ಗಿಗೆ ಸಿಗುತ್ತದೆ. ಇದರ ಲಾಭ ಚೆನ್ನಾಗಿ ಕಾಣುವುದು ಮತ್ತೆ ಮತ್ತೆ ಹೂ ಬಿಡುವ ಗುಲಾಬಿಯಲ್ಲಿ.

ಗುಲಾಬಿಯಲ್ಲಿ ಬರೀ ಹೂ ಚಿವುಟಿದರೆ ಸಾಲದು. ಬಾಡಿದ ಹೂವಿನಿಂದ ಕೆಳಗೆ ನೋಡುತ್ತಾ ಬನ್ನಿ. ಮೊದಲು ಮೂರು ಎಸಳಿನ ಎಲೆ ಸಿಗುತ್ತದೆ, ಆಮೇಲೆ ಐದು ಎಸಳಿನದು. ಆ ಐದೆಸಳಿನ ಎಲೆಯ ಬುಡದಲ್ಲಿ ಒಂದು ಸಣ್ಣ ಕಣ್ಣು, ಅಂದರೆ ಚಿಗುರೊಡೆಯುವ ಗುಬುಟು ಇರುತ್ತದೆ. ಅದು ಗಿಡದ ಹೊರಭಾಗಕ್ಕೆ ಮುಖ ಮಾಡಿದೆಯಾ ನೋಡಿ, ಅದಕ್ಕಿಂತ ಸುಮಾರು 5 ಮಿಲಿಮೀಟರ್ ಮೇಲೆ ಸ್ವಲ್ಪ ಓರೆಯಾಗಿ ಕತ್ತರಿಸಿ. ಹೊರಮುಖದ ಕಣ್ಣಿನಿಂದ ಬರುವ ಚಿಗುರು ಹೊರಗೇ ಹರಡುತ್ತದೆ, ಗಿಡದ ನಡುವೆ ಗಾಳಿ ಆಡುತ್ತದೆ. ಅಲ್ಲಿ ಕಡ್ಡಿ ಪೆನ್ಸಿಲ್‌ನಷ್ಟಾದರೂ ದಪ್ಪ ಇದ್ದರೆ ಒಳ್ಳೆಯದು. ಗಿಡ ಇನ್ನೂ ಎಳೆಯದಾಗಿದ್ದರೆ ಅಷ್ಟು ಕೆಳಗೆ ಹೋಗಬೇಡಿ. ಅದಕ್ಕೆ ಎಲೆ ಜಾಸ್ತಿ ಬೇಕು. ಹೂವಿನ ಕೆಳಗೇ ಕತ್ತರಿಸಿ ಬಿಟ್ಟುಬಿಡಿ.

ಮಲ್ಲಿಗೆ, ಕೇಪಳ, ಬೋಗನ್‌ವಿಲ್ಲಾ ಇವೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ಒಂದೊಂದೇ ಹೂ ಹುಡುಕಿ ಕೀಳುತ್ತಾ ಕೂರಬೇಕಿಲ್ಲ. ಒಂದು ಸುತ್ತು ಹೂ ಮುಗಿದ ಮೇಲೆ ತುದಿಗಳನ್ನು ಸವರಿ, ಸಾಕು. ಕೇಪಳದಲ್ಲಿ ಬಾಡಿದ ಗೊಂಚಲನ್ನು ಅದರ ಕೆಳಗಿನ ಜೋಡಿ ಎಲೆಯ ಮೇಲೆ ತೆಗೆದರೆ ಎರಡೂ ಕಡೆಯಿಂದ ಕವಲು ಒಡೆಯುತ್ತದೆ.

ಹಳೆಯ ಕಡ್ಡಿಯಲ್ಲಿ ಹೂ ಬಿಡುವ ಗಿಡಗಳ ಬಳಿ ಕೈ ಹಗುರ ಇರಬೇಕು. ಚಳಿ ನಾಡುಗಳ ಪರಿಮಳದ ಪೊದೆ ಲೈಲಾಕ್, ಹೂ ಮುಗಿದ ಮೇಲೆ ಅದೇ ಬೇಸಿಗೆಯಲ್ಲಿ ಮುಂದಿನ ವರ್ಷದ ಮೊಗ್ಗು ಕಟ್ಟಿಕೊಳ್ಳುತ್ತದೆ. ಹೂ ಬಾಡಿದ ಕೂಡಲೇ ಗೊಂಚಲಷ್ಟನ್ನೇ ತೆಗೆಯಿರಿ. ತಿಂಗಳುಗಟ್ಟಲೆ ತಡ ಮಾಡಿ ಕತ್ತರಿ ಹಿಡಿದರೆ ಮುಂದಿನ ವರ್ಷದ ಹೂವೇ ಹೋಗುತ್ತದೆ. ರೋಡೋಡೆಂಡ್ರಾನ್‌ಗೆ ಕತ್ತರಿಯೇ ಬೇಡ. ಬಾಡಿದ ಗೊಂಚಲಿನ ಬುಡಕ್ಕೇ ಹೊಸ ಚಿಗುರು ಅಂಟಿಕೊಂಡಿರುತ್ತದೆ. ಅದನ್ನು ಮುಟ್ಟದೆ, ಹೆಬ್ಬೆರಳು ತೋರುಬೆರಳಲ್ಲಿ ಗೊಂಚಲನ್ನು ಪಕ್ಕಕ್ಕೆ ಬಗ್ಗಿಸಿ ಮುರಿಯಿರಿ. ದೊಡ್ಡ ಎಲೆಯ, ಗುಂಡು ಗೊಂಚಲಿನ ಹೈಡ್ರೇಂಜಿಯ ಇದ್ದರೆ, ಅದರಲ್ಲೂ ಚಳಿಗೆ ಹಿಮ ಬೀಳುವ ಕಡೆ, ಒಣಗಿದ ಹೂವನ್ನು ಚಳಿಗಾಲ ಕಳೆಯುವ ತನಕ ಹಾಗೇ ಬಿಡಿ. ಅದು ಕೆಳಗಿನ ಮೊಗ್ಗಿಗೆ ಹೊದಿಕೆಯಾಗುತ್ತದೆ. ಆಮೇಲೆ ಮೊದಲ ಗಟ್ಟಿ ಜೋಡಿ ಮೊಗ್ಗಿನ ಮೇಲೆ ಕತ್ತರಿಸಿ.

ದಾಸವಾಳಕ್ಕೆ ಇದೆಲ್ಲ ಬೇಡವೇ ಬೇಡ. ಬಹುತೇಕ ಜಾತಿಗಳ ಹೂ ಒಂದೇ ದಿನಕ್ಕೆ ಬಾಡಿ ತಾನೇ ಉದುರುತ್ತದೆ. ಎತ್ತರದ ಹಳೆಯ ಪೊದೆಗೂ ಅಷ್ಟೇ. ಏಣಿ ಹಾಕಿ ಹತ್ತಿ ಕೀಳುವಷ್ಟು ಲಾಭ ಅದರಲ್ಲಿಲ್ಲ. ಗಟ್ಟಿಯಾಗಿ ಬೇರೂರಿದ ಗಿಡಕ್ಕೆ ಒಂದಷ್ಟು ಕಾಯಿ ಭಾರವಲ್ಲ. ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು ಕೆಂಪು ಕಾಯಿ ಕಟ್ಟುವ ಗುಲಾಬಿಗಳನ್ನಂತೂ ನಾನು ಮುಟ್ಟುವುದಿಲ್ಲ. ಆ ಕಾಯಿ ನೋಡಲೂ ಚಂದ, ಹಕ್ಕಿಗೂ ಆಹಾರ.

ಆದರೆ ಲಂಟಾನಾ ಮತ್ತು ಬಡ್ಲಿಯಾ (ಚಿಟ್ಟೆಗಳನ್ನು ಸೆಳೆಯುವ, ಉದ್ದ ಗೊಂಚಲಿನ ಹೂ ಪೊದೆ) ಇದ್ದರೆ ಸೋಮಾರಿತನ ಬೇಡ. ಲಂಟಾನಾ ಹಣ್ಣನ್ನು ಹಕ್ಕಿಗಳು ತಿಂದು ಎಲ್ಲೆಲ್ಲೋ ಬೀಜ ಹಾಕುತ್ತವೆ. ಬಡ್ಲಿಯಾ ಬೀಜ ಗಾಳಿಯಲ್ಲಿ ಹಾರುತ್ತದೆ. ಎರಡೂ ಎಷ್ಟೋ ದೇಶಗಳಲ್ಲಿ ಕಾಡು, ಬಯಲು ಆಕ್ರಮಿಸಿವೆ. ಇಲ್ಲಿ ಬಾಡಿದ ಹೂ ತೆಗೆಯುವುದು ಅಂದಕ್ಕಿಂತ ಸುತ್ತಲಿನ ನೆಲಕ್ಕಾಗಿ ಮಾಡಬೇಕಾದ ಕೆಲಸ. ಇದನ್ನು ನಾನು ಒತ್ತಿ ಹೇಳುತ್ತೇನೆ.

ಮಳೆ ಬಿಡದೆ ಹಿಡಿದಾಗಲೂ ನಿಯಮ ಬೇರೆ. ಒದ್ದೆಯಾಗಿ ಕಂದಿದ ದಳಗಳ ಮೇಲೆ ಬೂದು ಬಣ್ಣದ ಬೂಷ್ಟು ಕೂರುತ್ತದೆ, ಅಲ್ಲಿಂದ ಪಕ್ಕದ ಮೊಗ್ಗಿಗೂ ಹಬ್ಬುತ್ತದೆ. ಆಗ ಯಾವ ಗಿಡವಾದರೂ ಸರಿ, ಕೊಳೆತ ಹೂ ಕಂಡ ಕಡೆ ತೆಗೆಯಿರಿ. ಅದನ್ನು ಗೊಬ್ಬರದ ಗುಂಡಿಗೆ ಹಾಕದೆ ಬೇರೆಯಾಗಿ ಎಸೆಯಿರಿ. ರೋಗದ ಗಿಡ ಮುಟ್ಟಿದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಇನ್ನೊಂದು ಗಿಡಕ್ಕೆ ಹಾಕಿ. ಕಣಗಿಲೆ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಅದರ ಹಾಲು ವಿಷ, ಕಡ್ಡಿಗಳನ್ನು ಸುಡಲೂ ಬೇಡಿ, ಹೊಗೆಯೂ ಅಷ್ಟೇ ಅಪಾಯ.