ಹೆರಿಗೆ ನಂತರದ ರಕ್ತಸ್ರಾವ: ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳಿಗೆ ಒಟ್ಟಿಗೆ ಡ್ರಿಲ್ ಮಾಡಿಸುವ ಬಗೆ

ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕೆಂದು ಕೊನೆ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗೂ ಗೊತ್ತು, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗೂ ಗೊತ್ತು. ಇಬ್ಬರನ್ನೂ ಒಂದೇ ಮಂಚದ ಸುತ್ತ ನಿಲ್ಲಿಸಿದಾಗ ಮಾತ್ರ ಯಾರು ಏನು ಮಾಡುತ್ತಿದ್ದಾರೆಂದು ಯಾರಿಗೂ ತಿಳಿಯದು. ಅದಕ್ಕೇ ಈ ಡ್ರಿಲ್, ಅಂದರೆ ಅಣಕು ಅಭ್ಯಾಸ. ತಂಡಕ್ಕೆ ಇಬ್ಬರು ಎಂಬಿಬಿಎಸ್, ಮೂವರು ನರ್ಸಿಂಗ್ ವಿದ್ಯಾರ್ಥಿಗಳು ಸಾಕು. ಉಳಿದವರು ನೋಡಲಿ, ಒಬ್ಬರು ಸಮಯ ಬರೆದುಕೊಳ್ಳಲಿ.

ಲಕ್ಷಗಟ್ಟಲೆ ಬೆಲೆಯ ಬೊಂಬೆ ಬೇಕಿಲ್ಲ. ತಾಯಿಯ ಪಾತ್ರಕ್ಕೆ ಮಾತಾಡುವ ಮನುಷ್ಯರೇ ಒಳ್ಳೆಯದು. ನರಳುವ ತಾಯಿಗೆ ಸಮಾಧಾನ ಹೇಳುವುದೂ ಕೆಲಸದ ಭಾಗ. ಅವರ ಹೊಟ್ಟೆಗೆ ದಪ್ಪ ಸ್ಪಂಜು ಕಟ್ಟಿ. ನೀರಿಗೆ ಕೆಂಪು ಫುಡ್ ಕಲರ್ ಬೆರೆಸಿ ಎನಿಮಾ ಕ್ಯಾನ್‌ಗೆ ತುಂಬಿ, ನಳಿಕೆಯನ್ನು ಬಟ್ಟೆಯಡಿ ಹಾಯಿಸಿ. ಡ್ರಿಪ್ ಸೆಟ್ ಬೇಡ, ಹರಿವು ತೀರಾ ನಿಧಾನ. ಕೆಳಗೆ ಪ್ಲಾಸ್ಟಿಕ್ ಚೀಲವಿಟ್ಟು, ನೀರು ಅಳೆದು ಹಾಕಿ 300, 500, 1000 ಮಿಲೀ ಗೆರೆ ಎಳೆಯಿರಿ. ಕಣ್ಣಂದಾಜು ನಂಬಬೇಡಿ: 2006ರಲ್ಲಿ ಪ್ರಕಟವಾದ ಬೆಳಗಾವಿಯ ಅಧ್ಯಯನದಲ್ಲಿ ಅದು ಅಳತೆಚೀಲದ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯಿತ್ತು. ಕ್ಯಾನುಲಾವನ್ನು (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಕೈಗೆ ಟೇಪ್ ಹಾಕಿ ಅಂಟಿಸಿ, ಯಾರಿಗೂ ಚುಚ್ಚುವಂತಿಲ್ಲ.

ಕೇಸ್ ಹೀಗಿರಲಿ: 26 ವರ್ಷ, ಎರಡನೇ ಹೆರಿಗೆಯಾಗಿ 20 ನಿಮಿಷ, ಮಾಸು ಪೂರ್ತಿ ಬಿದ್ದಿದೆ. ಬಸುರಿನಲ್ಲಿ ಬಿಪಿ ಹೆಚ್ಚಿತ್ತೆಂದು ಕೇಸ್ ಶೀಟಿನಲ್ಲಿದೆ.

ಆರಂಭದಲ್ಲಿ: ನಾಡಿ 96, ಬಿಪಿ 150/96
500 ಮಿಲೀ ಹೋದಾಗ: ನಾಡಿ 112, ಬಿಪಿ 118/76
900 ಮಿಲೀ ಹೋದಾಗ: ನಾಡಿ 132, ಬಿಪಿ 88/50

ನಡುವಿನ ಸಾಲೇ ಬಲೆ. 118/76 ನೋಡಿ "ಬಿಪಿ ನಾರ್ಮಲ್" ಎನ್ನುವವರೇ ಹೆಚ್ಚು. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ 0.95 ಬರುತ್ತದೆ, 0.9 ದಾಟಿದರೇ ಎಚ್ಚರವಾಗಬೇಕು. ಬಿಪಿ ಪಟ್ಟಿ ಕಟ್ಟಿ ನಾಡಿ ಹಿಡಿದವರಿಗೆ ಮಾತ್ರ ಅಂಕಿ ಹೇಳಿ. ಗರ್ಭಕೋಶ ಮೆತ್ತಗಿದೆ ಎಂಬುದನ್ನೂ ಹೊಟ್ಟೆ ಮುಟ್ಟಿ ನೋಡಿದವರಿಗಷ್ಟೇ.

ಸಹಾಯಕ್ಕೆ ಕೂಗುವುದು, ಗರ್ಭಕೋಶ ತಿಕ್ಕುವುದು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ 10 ಯೂನಿಟ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಎಂದು ನೋಡುವುದು: ಇವನ್ನು ಸರತಿಯಲ್ಲಲ್ಲ, ಕೈ ಹಂಚಿಕೊಂಡು ಒಟ್ಟೊಟ್ಟಿಗೆ ಮಾಡಬೇಕು. ಟ್ರಾನೆಕ್ಸಾಮಿಕ್ 10 ನಿಮಿಷದಲ್ಲಿ ನಿಧಾನವಾಗಿ ಹೋಗಬೇಕು, ಬೇಗ ತಳ್ಳಿದರೆ ಬಿಪಿ ಕುಸಿಯುತ್ತದೆ. ಆಕ್ಸಿಟೋಸಿನ್ ಆಂಪೂಲನ್ನು ಟ್ರೇಯಲ್ಲಿಡದೆ ಫ್ರಿಜ್‌ನಲ್ಲೇ ಇಡಿ. ತರಲು ಎಷ್ಟು ಹೊತ್ತಾಯಿತೆಂಬುದು ಬಯಲಾಗಲಿ.

"ಯಾರಾದರೂ ಆಕ್ಸಿಟೋಸಿನ್ ಕೊಡಿ" ಎಂದರೆ ಒಂದೋ ಯಾರೂ ಕೊಡುವುದಿಲ್ಲ, ಇಲ್ಲವೇ ಇಬ್ಬರು ಕೊಡುತ್ತಾರೆ. ಹೆಸರು ಹಿಡಿದು ಹೇಳಬೇಕು: "ಕವಿತಾ, ಆಕ್ಸಿಟೋಸಿನ್ 10 ಯೂನಿಟ್ ಐಎಂ ಕೊಡಿ." (ಐಎಂ ಎಂದರೆ ಸ್ನಾಯುವಿಗೆ ಚುಚ್ಚುವುದು.) ಉತ್ತರ: "10 ಯೂನಿಟ್ ಐಎಂ ಕೊಟ್ಟೆ ಡಾಕ್ಟರ್, 10:42."

ಆರನೇ ನಿಮಿಷಕ್ಕೆ ಬೋಧಕರೊಬ್ಬರು ಸೀನಿಯರ್ ಆಗಿ ಫೋನ್ ಮಾಡಿ "ಮೆಥರ್ಜಿನ್ ಕೊಡಿ" ಎನ್ನಲಿ. ಅದೂ ಗರ್ಭಕೋಶ ಬಿಗಿಯಾಗಿಸುವ ಔಷಧವೇ, ಆದರೆ ಬಿಪಿ ಹೆಚ್ಚಿದ್ದವರಿಗೆ ಸಲ್ಲದು. "ಡಾಕ್ಟರ್, ಇವರಿಗೆ ಬಿಪಿ ಇತ್ತು, ಬೇಡ" ಎನ್ನಲು ನರ್ಸಿಂಗ್ ವಿದ್ಯಾರ್ಥಿಗೆ ಬಾಯಿ ಬರುತ್ತದೆಯೇ? ನಮ್ಮ ಲೆಕ್ಕದಲ್ಲಿ ಇಡೀ ಡ್ರಿಲ್‌ನ ತಿರುಳು ಇದು.

ದೃಶ್ಯ 12 ನಿಮಿಷ ಮೀರದಿರಲಿ, ಚರ್ಚೆಗೆ 30 ನಿಮಿಷ ಕೊಡಿ. ಮೊದಲು ನರ್ಸಿಂಗ್ ವಿದ್ಯಾರ್ಥಿಗಳನ್ನು ಕೇಳಿ. ಡಾಕ್ಟರುಗಳು ಶುರು ಮಾಡಿದರೆ ಉಳಿದವರು ಬರೀ ತಲೆಯಾಡಿಸುತ್ತಾರೆ. "ಯಾಕೆ ತಡ ಮಾಡಿದೆ?" ಎಂದು ಗದರುವ ಬದಲು ಬರೆದ ಸಮಯ ಓದಿ, "ಆಗ ನಿಮ್ಮ ಗಮನ ಎಲ್ಲಿತ್ತು?" ಎನ್ನಿ. ಅದೇ ದಿನ ಅದೇ ಕೇಸನ್ನು ಪಾತ್ರ ಬದಲಿಸಿ ಇನ್ನೊಮ್ಮೆ ಮಾಡಿಸಿ.

ನೀರು ತುಂಬಿದ ಸಿರಿಂಜು, ಆಂಪೂಲುಗಳಿಗೆ "ತರಬೇತಿಗೆ ಮಾತ್ರ" ಚೀಟಿ ಕಡ್ಡಾಯ. ನಿಜವಾದ ಹೆರಿಗೆ ಕೋಣೆಯಲ್ಲಿ ಡ್ರಿಲ್ ನಡೆಸಿದರೆ ತಂದಷ್ಟನ್ನೂ ಎಣಿಸಿ ಹೊರಗೆ ಒಯ್ಯಿರಿ, ಫ್ರಿಜ್‌ನಲ್ಲಿಟ್ಟದ್ದನ್ನೂ ಸೇರಿಸಿ.